ಶೋಭಿತಾ ಕಂಡ ಮೊದಲ ಮೂಗು

ಬೆಳ್ಯಪ್ಪ: ಕಲೀಲಿ ಡಾಕ್ಟ್ರೇ, ಬೇಡ ಅಂದವ್ರು ಯಾರು? ನನ್ನ ಮೂಗಿನಲ್ಲೇ ಯಾಕೆ ಕಲೀಬೇಕು ಅಂತ ಕೇಳಿದ್ದು!

ದಮಯಂತಿ: ಮತ್ತೆ ಯಾರ ಮೂಗಿನಲ್ಲಿ ಕಲೀಬೇಕು? ಹೊರಗೆ ಕೂತವ್ರದ್ದೆಲ್ಲ ಕಿವಿ.

ಮಡಿಕೇರಿಯ ಆಸ್ಪತ್ರೆಯೊಂದರ ಕಿವಿ-ಮೂಗು-ಗಂಟಲು ವಿಭಾಗ. ಮೂರ್ನಾಡಿನ ಕಾಫಿ ಬೆಳೆಗಾರ ಬೆಳ್ಯಪ್ಪನವರ ಮೂಗು ಕಟ್ಟಿ ನಾಲ್ಕು ತಿಂಗಳಾಗಿತ್ತು. ಈ ಸಲ ತೋಟ ಹೂ ಬಿಟ್ಟದ್ದು ಅವರ ಕಣ್ಣಿಗಷ್ಟೇ ಗೊತ್ತು. ಹೆಂಡತಿ ದಮಯಂತಿ ಹಟ ಹಿಡಿದು ಕರೆತಂದಿದ್ದರು. ಎದುರಿಗೆ ವಿದ್ಯಾರ್ಥಿನಿ ಡಾ. ಶೋಭಿತಾ, ಕೈಯಲ್ಲಿ ಪೆನ್ಸಿಲಿಗಿಂತ ತೆಳ್ಳಗಿನ, ಪಕ್ಕದ ಟೀವಿಗೆ ಜೋಡಿಸಿದ ಎಂಡೋಸ್ಕೋಪ್. ಬೆನ್ನ ಹಿಂದೆ ಅವಳ ಗುರು ಡಾ. ರೇಣುಕಪ್ರಸಾದ್.

ಬೆಳ್ಯಪ್ಪ: ಇದುವರೆಗೆ ಎಷ್ಟು ಮೂಗು ನೋಡಿದ್ದೀರಮ್ಮಾ?

ಶೋಭಿತಾ: ಇಪ್ಪತ್ತು ಸಲ ನೋಡಿದ್ದೇನೆ ಸಾರ್. ಮೂಗು ಒಂದೇ. ರಬ್ಬರಿಂದು.

ಬೆಳ್ಯಪ್ಪ: ಅದು ಕೂಗ್ತದಾ?

ಶೋಭಿತಾ: ಇಲ್ಲ...

ಬೆಳ್ಯಪ್ಪ: ನಾನು ಕೂಗ್ತೇನೆ.

ರೇಣುಕಪ್ರಸಾದ್: ಹೆದರಬೇಡಿ ಬೆಳ್ಯಪ್ಪನೋರೇ. ಮರಗಟ್ಟೋ ಔಷಧಿ ಹಾಕಿ ಹತ್ತಿ ಇಟ್ಟಾಗಿದೆ. ನೋವಾದ್ರೆ ಕೈ ಎತ್ತಿ, ಅಲ್ಲೇ ನಿಲ್ಲಿಸ್ತೇವೆ. ಒಪ್ಪಿಗೆಯಾ?

ದಮಯಂತಿ: ಒಪ್ಪಿಗೆ.

ರೇಣುಕಪ್ರಸಾದ್: ನಿಮ್ಮದಲ್ಲ ಅಮ್ಮ, ಮೂಗಿನವರದ್ದು.

ಬೆಳ್ಯಪ್ಪ ಹೆಂಡತಿಯ ಮುಖ ನೋಡಿ, ಕಣ್ಣು ಮುಚ್ಚಿ, ‘ಹೂಂ’ ಅಂದರು. ಶೋಭಿತಾ ಹತ್ತಿ ತೆಗೆದಳು. ಎಂಡೋಸ್ಕೋಪ್ ಹಿಡಿದು ಒಂದು ಮಾರು ದೂರದಲ್ಲೇ ನಿಂತಳು.

ರೇಣುಕಪ್ರಸಾದ್: ಸ್ವಲ್ಪ ಮುಂದೆ ಬನ್ನಿ.

ಬೆಳ್ಯಪ್ಪ ಕುರ್ಚಿಯ ತುದಿಗೆ ಜರುಗಿದರು.

ರೇಣುಕಪ್ರಸಾದ್: ನೀವಲ್ಲ ಸಾರ್, ಅವರು! ಸರಿ, ಈಗ ನಿಧಾನಕ್ಕೆ ಒಳಗೆ ಹೋಗಿ.

ದಮಯಂತಿ ಚೀಲ ಎತ್ತಿಕೊಂಡು ಒಳಕೋಣೆಗೆ ನಡೆದರು.

ರೇಣುಕಪ್ರಸಾದ್: ಅಮ್ಮಾ, ನೀವೆಲ್ಲಿಗೆ? ನಾನು ಶೋಭಿತಾಗೆ ಹೇಳಿದ್ದು!

ದಮಯಂತಿ: ಹೆಸರು ಹಿಡಿದು ಹೇಳ್ಬಾರ್ದಾ? ಅಲ್ಲಿ ಯಾರೋ ಊಟ ಮಾಡ್ತಾ ಇದ್ದಾರೆ.

ರೇಣುಕಪ್ರಸಾದ್: ಶೋಭಿತಾ, ನೆಲ ಹಿಡಿದೇ ಹೋಗಿ. ಗೋಡೆ ಮುಟ್ಬೇಡಿ.

ಗೋಡೆಗೆ ಒರಗಿದ್ದ ದಮಯಂತಿ ಥಟ್ಟನೆ ನೆಟ್ಟಗಾದರು.

ರೇಣುಕಪ್ರಸಾದ್: ಮೂಗಿನ ಗೋಡೆ ಅಮ್ಮ! ಹಾಂ, ಈಗ ಉಸಿರಾಡಿ.

ಬೆಳ್ಯಪ್ಪ: ಆಡ್ತಾನೇ ಇದ್ದೇನೆ.

ರೇಣುಕಪ್ರಸಾದ್: ನಿಮಗಲ್ಲ. ಶೋಭಿತಾ ಆಗಿನಿಂದ ಉಸಿರೇ ಬಿಟ್ಟಿಲ್ಲ.

ಶೋಭಿತಾ ದೀರ್ಘವಾಗಿ ಉಸಿರು ಬಿಟ್ಟಳು. ಟೀವಿ ಪರದೆಯ ಮೇಲೆ ಗುಲಾಬಿ ಬಣ್ಣದ ಗುಹೆಯೊಂದು ತೆರೆದುಕೊಂಡಿತು.

ದಮಯಂತಿ: ಅಯ್ಯೋ, ಎಷ್ಟು ಅಗಲ ಉಂಟು! ಹೊರಗಿನಿಂದ ಗೊತ್ತೇ ಆಗೋದಿಲ್ಲ.

ಶೋಭಿತಾ: ಸಾರ್, ಆ ಮೇಲಿನ ಸಂದಿಯಲ್ಲಿ ದುರ್ಮಾಂಸ ಬೆಳೆದಿದೆ.

ರೇಣುಕಪ್ರಸಾದ್: ಏ, ಅದು ಬರೀ ಸಿಂಬಳ.

ಶೋಭಿತಾ: ಅಲ್ಲ ಸಾರ್. ಸಿಂಬಳ ಹೀರೋ ಕೊಳವೆಯಲ್ಲಿ ಎಳೆದು ನೋಡಿದೆ. ಅಲ್ಲಾಡಿತು, ಜಾಗ ಬಿಡಲಿಲ್ಲ.

ರೇಣುಕಪ್ರಸಾದ್ ಪರದೆಗೆ ಮುಖ ಅಂಟಿಸಿ ನೋಡಿದರು. ಮೆಲ್ಲಗೆ ಕೆಮ್ಮಿದರು.

ರೇಣುಕಪ್ರಸಾದ್: ದುರ್ಮಾಂಸವೇ.

ಬೆಳ್ಯಪ್ಪ: ಎಷ್ಟು ದೊಡ್ಡದು?

ದಮಯಂತಿ: ಕಾಫಿ ಹಣ್ಣಿನಷ್ಟು.

ಬೆಳ್ಯಪ್ಪ: ಅರೇಬಿಕಾನಾ, ರೊಬಸ್ಟಾನಾ?

ದಮಯಂತಿ: ಬಣ್ಣ ಬಂದಿಲ್ಲ. ಇನ್ನೂ ಕಾಯಿ.

ಬೆಳ್ಯಪ್ಪ: ಹಾಗಾದ್ರೆ ಈಗ್ಲೇ ಪಿಕ್ಕಿಂಗ್ ಬೇಡ ಡಾಕ್ಟ್ರೇ!

ರೇಣುಕಪ್ರಸಾದ್: ಇವತ್ತೇನೂ ಕೀಳೋದಿಲ್ಲ. ಸ್ಪ್ರೇ ಕೊಡ್ತೇನೆ, ಒಂದು ಸ್ಕ್ಯಾನ್ ಮಾಡಿಸಿ, ಆಮೇಲೆ ನೋಡುವ.

ಶೋಭಿತಾ ಎಂಡೋಸ್ಕೋಪನ್ನು ಮೆತ್ತಗೆ ಹೊರಗೆಳೆದಳು. ಬೆಳ್ಯಪ್ಪ ಮೂಗು ಮುಟ್ಟಿ ನೋಡಿಕೊಂಡರು.

ಬೆಳ್ಯಪ್ಪ: ಮುಗೀತಾ? ಕೂಗ್ಲಿಕ್ಕೇ ಮರೆತೆ!

ರೇಣುಕಪ್ರಸಾದ್: ಶಾಬಾಷ್ ಶೋಭಿತಾ! ಎಲ್ಲಿ, ಇಲ್ಲಿ ಕೊಡಿ. ನಾನೂ ಒಂದ್ಸಲ ಒಳಗೆ ಹೋಗಿ ನೋಡಿಬಿಡ್ತೇನೆ.

ಬೆಳ್ಯಪ್ಪ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡರು.

ಬೆಳ್ಯಪ್ಪ: ನೀವು ಬೇಡ ಸಾರ್! ಆ ಮಗಳಿಗಾದ್ರೆ ಈಗ ದಾರಿ ಗೊತ್ತುಂಟು. ಮತ್ತೆ ಹೊಸಬರನ್ನ ಯಾರು ಒಳಗೆ ಬಿಡ್ತಾರೆ?