ತುಂಬಿದ ಬಟ್ಟಲಿನ ಮುಂದೆ ಒಣಗಿದ ಗೋಸುಂಬೆ

ಡಾಕ್ಟರಾದವನಿಗೆ ಒಂದು ಅನುಕೂಲವಿದೆ: ರೋಗಿ ತಾನೇ ಬಾಯಿಬಿಟ್ಟು "ಇಲ್ಲಿ ನೋವು" ಎನ್ನುತ್ತಾನೆ. ಅವನು ಹೇಳಿದ್ದನ್ನೇ ಲ್ಯಾಟಿನ್ನಿನಲ್ಲಿ ಬರೆದುಕೊಟ್ಟು ನಾನು ಅಮೆರಿಕದ ಫೋರ್ಟ್ ಲೀ ಊರಿನಲ್ಲಿ ಒಳ್ಳೆಯ ಹೆಸರು ಸಂಪಾದಿಸಿದ್ದೆ. ಆ ಹೆಸರು ಮಣ್ಣುಪಾಲಾದದ್ದು ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ, ಮಗಳು ಸಾಕಿದ ಗೋಸುಂಬೆಯಿಂದ.

ಎಂಟು ವರ್ಷದ ಸುಧಾ ಹುಟ್ಟುಹಬ್ಬಕ್ಕೆ ಹಟ ಹಿಡಿದು ತರಿಸಿಕೊಂಡ ಪ್ರಾಣಿ ಅದು. ತಿಂಗಳೊಳಗೆ ಮಂಕಾಯಿತು. ಕಣ್ಣು ಗುಳಿಬಿದ್ದವು, ಹುಳು ಹಾಕಿದರೆ ಮುಖ ತಿರುಗಿಸುತ್ತಿತ್ತು. "ಡ್ಯಾಡಿ, ಈಸ್ ಹಿ ಗೋಯಿಂಗ್ ಟು ಡೈ?" ಎಂದು ಅವಳು ಕಣ್ಣೀರು ತುಂಬಿಕೊಂಡು ಕೇಳಿದಳು. ಪ್ರಾಣಿವೈದ್ಯರಿಗೆ ಫೋನ್ ಮಾಡಬಹುದಿತ್ತು. ಆದರೆ ಮನೆಯಲ್ಲೇ ಎಂ.ಡಿ. ಇರುವಾಗ ನಾಯಿ ಬೆಕ್ಕು ನೋಡುವವನ ಮುಂದೆ ಕೈಕಟ್ಟಿ ನಿಲ್ಲುವುದೇ? ಸ್ಟೆತಸ್ಕೋಪ್ ಇಟ್ಟೆ, ಅದರ ಬಿಲ್ಲೆಯಡಿ ರೋಗಿಯೇ ಕಾಣೆಯಾದ. ಗುಳಿಬಿದ್ದ ಕಣ್ಣಿನ ಮಗುವನ್ನು ಆಸ್ಪತ್ರೆಗೆ ತಂದರೆ "ಮೈಯಲ್ಲಿ ನೀರಿಲ್ಲ" ಎಂದು ಬಾಗಿಲಲ್ಲೇ ಹೇಳುವವನು ನಾನು. ಇಲ್ಲಿ ಪಂಜರದೊಳಗೆ ಬಟ್ಟಲು ತುಂಬ ನೀರಿತ್ತಲ್ಲ! ಆ ಸಂಶಯವನ್ನು ಹೊಡೆದುಹಾಕಿ "ವೈರಲ್" ಎಂದು ಘೋಷಿಸಿದೆ. ಏನೂ ತಿಳಿಯದಿದ್ದಾಗ ನಾವು ಹೇಳುವುದು ಅದನ್ನೇ.

ಭಾನುವಾರ ಬೆಳಗ್ಗೆ ಸುಧಾ ಅದನ್ನು ಬಿಸಿಲಿಗೆಂದು ಕಿಟಕಿಯ ಬಳಿಯ ತುಳಸಿ ಗಿಡದ ಮೇಲೆ ಕೂರಿಸಿದ್ದಳು. ಹಿಮಕ್ಕೆ ಹೆದರಿ ನಾವು ಒಳಗಿಟ್ಟಿದ್ದ ಕುಂಡ. ಧಾರವಾಡದವಳಾದ ನನ್ನ ಹೆಂಡತಿ ಸ್ನಾನ ಮುಗಿಸಿ, ಎಂದಿನಂತೆ ಕಣ್ಣು ಮುಚ್ಚಿ ಶ್ಲೋಕ ಹೇಳುತ್ತಾ ಗಿಡಕ್ಕೆ ನೀರು ಚಿಮುಕಿಸಿದಳು. ಕಣ್ಣು ತೆರೆದವಳೇ ಕಿರುಚಿದಳು: "ಅಯ್ಯ, ಏನ್ರೀ ಇದು! ತುಳಸಿ ಮ್ಯಾಲೆ ಓತಿಕ್ಯಾತ ಕೂತದ!"

ನಾನು ಓಡಿಬಂದೆ. ಗೋಸುಂಬೆ ಎಲೆಗಳ ಮೇಲಿನ ಹನಿಗಳನ್ನು ಒಂದೊಂದಾಗಿ ನೆಕ್ಕುತ್ತಿತ್ತು, ಜನ್ಮದಲ್ಲಿ ನೀರು ಕಾಣದ ಹಾಗೆ. ಅವಳ ಸಿಟ್ಟು ಇಳಿಯಿತು. "ಪಾಪ, ನೀರಡಿಸಿತ್ತು ನೋಡ್ರಿ. ಗಿಡದಾಗ ಇರೋದು ಬಟ್ಟಲದಾಗ ಹ್ಯಾಂಗ ಕುಡೀತದ? ಡಾಕ್ಟರಾಗಿ ಇಷ್ಟೂ ತಿಳೀಲಿಲ್ಲೇನು?"

ಅಂದಿನಿಂದ ನಮ್ಮ ತುಳಸಿಗೆ ದಿನಕ್ಕೆ ಮೂರು ಹೊತ್ತು ಪೂಜೆ. ವಾರದಲ್ಲಿ ಗೋಸುಂಬೆ ಹಸಿರಾಗಿ ಹುಳು ಬೇಟೆಯಾಡತೊಡಗಿತು. ಸುಧಾ ಅಮ್ಮನನ್ನು ತಬ್ಬಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಮುಂದಿನ ತಿಂಗಳು ನನಗೆ ಜ್ವರ ಬಂತು. ಹಾಸಿಗೆಯಲ್ಲಿ ಒರಗಿಕೊಂಡು, ವೈರಲ್ ಇರಬೇಕೆಂದು ನನಗೆ ನಾನೇ ಔಷಧಿ ಬರೆದುಕೊಳ್ಳುತ್ತಿದ್ದೆ. ಸುಧಾ ಬಂದು ನನ್ನ ಕಣ್ಣುಗಳನ್ನು ಗಂಭೀರವಾಗಿ ನೋಡಿದಳು. ಪಕ್ಕದ ಮೇಜಿನ ಮೇಲೆ ಬೆಳಗ್ಗೆ ಇಟ್ಟ ಲೋಟದ ತುಂಬ ನೀರು ಹಾಗೇ ಇತ್ತು. ಅದನ್ನೂ ನೋಡಿದಳು. ಆಮೇಲೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಅಡುಗೆಮನೆಯತ್ತ ಕೂಗಿದಳು: "ಅಮ್ಮಾ! ಡ್ಯಾಡಿ ಈಸ್ ನಾಟ್ ಡ್ರಿಂಕಿಂಗ್ ಈದರ್!"