ಮಾವ ಕೊಟ್ಟ ಸ್ಕೂಟರ್, ನಾಲ್ಕು ಗಂಟೆಯ ಬಸ್ಸು

ಆಕ್ಸಿಲರೇಟರ್ ತಿರುಗಿಸಿದರೆ ಸ್ಕೂಟರ್ ಹೊರಡಬೇಕು. ಇದು ಹೊರಡುತ್ತಿರಲಿಲ್ಲ, ಯೋಚನೆ ಮಾಡುತ್ತಿತ್ತು. ಎಂಜಿನ್ ಅರಚಿಕೊಳ್ಳುತ್ತಿದ್ದರೆ ಹಿಂದಿನ ಚಕ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತಿರುತ್ತಿತ್ತು. ಮೂರು ನಾಲ್ಕು ಸೆಕೆಂಡಾದ ಮೇಲೆ, ಸಾಹೇಬರ ಕೋಣೆಗೆ ಹೋಗಲೋ ಬೇಡವೋ ಎನ್ನುವ ಗುಮಾಸ್ತನಂತೆ ಮೆಲ್ಲಗೆ ಮುಂದೆ ಸರಿಯುತ್ತಿತ್ತು. ಬಸ್ ನಿಲ್ದಾಣದ ದಾರಿಯಲ್ಲಿ ಒಂದು ದಿಣ್ಣೆಯಿದೆ. ಅದರ ಅರ್ಧಕ್ಕೆ ಬರುವಷ್ಟರಲ್ಲಿ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿದು, ಎಡಗಡೆಯ ಬೆಲ್ಟಿನ ಡಬ್ಬಿ ಕೈ ಇಡಲಾಗದಷ್ಟು ಕಾದಿರುತ್ತಿತ್ತು.

ಬೇರೆ ದಿನವಾಗಿದ್ದರೆ ತಳ್ಳಿಕೊಂಡು ಹೋಗಬಹುದಿತ್ತು. ಆದರೆ ಅವತ್ತು ನಾಲ್ಕು ಗಂಟೆಯ ಬಸ್ಸಿಗೆ ಮಾವ ಬರುವವರಿದ್ದರು. ಸ್ಕೂಟರ್ ಕೊಡಿಸಿದವರು ಅವರೇ. ಆದ್ದರಿಂದ ಅದನ್ನು ಓಡಿಸುವವನನ್ನು ಅಳಿಯ ಎಂದೇ ಕರೆಯೋಣ. ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತುವುದು ಅವನ ಉದ್ಯೋಗ ನಿಜ, ಆದರೆ ಆ ದಿನ ರಜೆ ಹಾಕಿದ್ದ. ಉಳಿದಿದ್ದ ಹುದ್ದೆ ಇದೊಂದೇ.

ಮಾವ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದವರು. ಅಷ್ಟೂ ವರ್ಷದಲ್ಲಿ ಯಾರಿಗೂ ಒಂದು ನಟ್ಟನ್ನೂ ಮನಸಾರೆ ಕೊಟ್ಟವರಲ್ಲ. ಅವರ ಮನೆಯಲ್ಲಿ ಯಾವ ವಸ್ತುವೂ ಹಳೆಯದಾಗುವುದಿಲ್ಲ. ಮಗಳು ಹುಟ್ಟಿದ ವರ್ಷ ಕೊಂಡ ಗೋಡೆ ಗಡಿಯಾರ ಇವತ್ತಿಗೂ ನಿನ್ನೆ ಅಂಗಡಿಯಿಂದ ತಂದಂತಿದೆ. ಇಂಥವರಿಗೆ ಪಾರ್ಕಿನ ಎದುರು ಒಂದು ಖಾಲಿ ಮನೆಯಿತ್ತು. ಮಗಳು ಅಳಿಯ ಇರುವುದೋ ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳಲ್ಲಿ. ಕೆಳಗೆ ಗಿರಣಿ ಶುರುವಾದರೆ ಮೇಲೆ ಲೋಟ, ತಟ್ಟೆ, ಕೊನೆಗೆ ಬಾಯೊಳಗಿನ ಹಲ್ಲು ಕೂಡ ಅದುರುತ್ತವೆ. ಹಾಸಿಗೆ ಕೊಡವಿದರೆ ಅರ್ಧ ಸೇರು ಹಿಟ್ಟು ಉದುರುತ್ತದೆ.

ಪಾರ್ಕಿನ ಮನೆ ಕೇಳಿದಾಗ ಮಾವ ಹೇಳಿದ್ದರು. "ಮೊದಲು ಒಂದು ಸ್ಕೂಟರ್ ಕೊಡಿಸ್ತೀನಿ. ಮೂರು ತಿಂಗಳು ಹೇಗಿಟ್ಕೊಳ್ತೀರೋ ನೋಡೋಣ. ಸ್ಕೂಟರ್ ಇಟ್ಕೊಳ್ಳೋಕೆ ಬರದವರ ಕೈಗೆ ಮನೆ ಕೊಡೋಕಾಗುತ್ತಾ ಅಳಿಯಂದಿರೇ? ನೀವು ಹಾಳು ಮಾಡ್ತೀರಿ ಅಂತಾನೇ ನನ್ನ ಅಂದಾಜು."

ಆ ಮೂರು ತಿಂಗಳು ಅವತ್ತಿಗೆ ಮುಗಿದಿತ್ತು.

"ಅಪ್ಪ ಏಳು ಗಂಟೆ ಬಸ್ಸಿಗೆ ವಾಪಸ್ ಹೋಗ್ತಾರಂತೆ ರೀ. ಹತ್ತೋ ಮುಂಚೆ ಮನೆ ವಿಷಯ ಹೇಳ್ತಾರಂತೆ. ಇವತ್ತೊಂದಿನ ಗಾಡಿ ಸರಿಯಾಗಿ ಓಡಿಸಿ" ಎಂದಳು ಹೆಂಡತಿ.

"ನಾನು ಸರಿಯಾಗೇ ಓಡಿಸ್ತೀನಿ. ಅದೇ ಓಡಲ್ಲ."

"ಅಪ್ಪನ ಮುಂದೆ ಹೀಗಂತೀರಾ?"

ಅವನು ಕೆಳಗಿಳಿದು ಹೋದ.

ಕೆಳಗೆ ಗಿರಣಿಯವರು ಹಿಟ್ಟು ಮೆತ್ತಿದ ಹುಬ್ಬು ಹೊತ್ತು ಬಾಗಿಲಲ್ಲೇ ನಿಂತಿದ್ದರು. ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಮೊದಲು ತಲೆ ಹಾಕುವವರು ಅವರು. ವಿಷಯ ಕೇಳಿ ಡಬ್ಬಿಯ ಮೇಲೆ ಎರಡು ಸಲ ಬೆರಳಲ್ಲಿ ಕುಟ್ಟಿದರು.

"ಒಳಗೆ ಬೆಲ್ಟ್ ಜಾರ್ತಿದೆ. ಇಪ್ಪತ್ತೈದು ವರ್ಷ ಬೆಲ್ಟಿನ ಜೊತೆ ಸಂಸಾರ ಮಾಡಿದೀನಿ, ನನಗೆ ಗೊತ್ತಿಲ್ವಾ? ರಾಳದ ಪುಡಿ ಹಾಕಿದ್ರೆ ಕಚ್ಚಿ ಹಿಡಿಯುತ್ತೆ."

"ಬೀದಿ ಕೊನೆಯ ಗ್ಯಾರೇಜಿಗೆ ತಗೊಂಡು ಹೋಗೋಣ ಅಂತಿದ್ದೆ."

"ಗ್ಯಾರೇಜಿಗಾ? ಆ ಮೆಕ್ಯಾನಿಕ್ ಅಕ್ಕನಿಗೆ ಕೊಟ್ರೆ ನಾಡಿದ್ದು ವಾಪಸ್ ಕೊಡ್ತಾಳೆ. ನಿಮ್ಮ ಮಾವ ಇವತ್ತಲ್ವಾ ಬರೋದು?"

ಮಾವ ಬರುವುದು ಇವರಿಗೆ ಹೇಗೆ ಗೊತ್ತಾಯಿತು ಎಂದು ಅಳಿಯ ಕೇಳಲಿಲ್ಲ. ಮೇಲಿನ ಮಾತೆಲ್ಲ ಹಿಟ್ಟಿಗಿಂತ ಬೇಗ ಕೆಳಗಿಳಿಯುವ ಮನೆ ಅದು.

ಸ್ಕೂಟರಿನ ಎರಡೂ ಪಕ್ಕಕ್ಕೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿತ್ತು. ಮಾವನ ಊರಿನ ಅಂಗಡಿಯಿಂದ ಬಂದು ಲಾರಿಯಿಂದ ಇಳಿದಾಗಲೇ ಹಾಗಿತ್ತು. ಕಂಪನಿಯ ಹೊದಿಕೆ ಹರಿಯದೆ ಇದ್ದರೆ ಗಾಡಿ ಹೊಸದಾಗಿಯೇ ಕಾಣುತ್ತದೆ ಎಂದು ಅಳಿಯ ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದ. ಈಗಲೂ ಬ್ಲೇಡಿನಿಂದ ಬೋಲ್ಟುಗಳ ಸುತ್ತ ಮಾತ್ರ ಗುಂಡಗೆ ಕೊಯ್ದು, ಡಬ್ಬಿಯ ಮುಚ್ಚಳವನ್ನು ಹಾಳೆಯ ಸಮೇತ ಜೋಪಾನವಾಗಿ ಬಿಚ್ಚಿಕೊಟ್ಟ. ಗಿರಣಿಯವರು ಒಂದು ಹಿಡಿ ರಾಳ ಸುರಿದರು.

ಬೆಲ್ಟ್ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಆಕ್ಸಿಲರೇಟರ್ ಮುಟ್ಟಿದ್ದೇ ತಡ, ಯೋಚನೆಯ ಚಾಳಿಯನ್ನೇ ಬಿಟ್ಟ ಸ್ಕೂಟರ್ ಒಂದೇ ನೆಗೆತಕ್ಕೆ ಎದುರಿನ ಟೈಲರ್ ಅಂಗಡಿಗೆ ನುಗ್ಗಿತು. ಬಾಗಿಲಲ್ಲಿ ಕೋಟು ತೊಟ್ಟು ನಿಂತಿದ್ದ ಬೊಂಬೆ ಅಳಿಯನ ಹೆಗಲ ಮೇಲೆ ಬಿತ್ತು.

ಟೈಲರ್ ಬೊಂಬೆಯನ್ನು ಎತ್ತಿ ನಿಲ್ಲಿಸಿ, ಕೋಟು ಕೊಡವಿ, ಆಮೇಲೆ ಅಳಿಯನ ಕಡೆ ನೋಡಿದ.

"ಬೆಲ್ಟಿಗೆ ರಾಳ ಹಾಕಿದ್ದು ಯಾರು?"

"ನಾನು" ಎಂದರು ಗಿರಣಿಯವರು ಎದೆಯುಬ್ಬಿಸಿ.

"ಅದಕ್ಕೇ. ನಿಮ್ಮದು ಒರಟು ಕೆಲಸ. ಇದು ನಾಜೂಕಿನ ಬೆಲ್ಟು, ನನ್ನ ಹೊಲಿಗೆ ಮಿಷನ್ನಿನ ಜಾತಿ. ಒಣಗಿದೆ ಪಾಪ. ನಾಲ್ಕು ಹನಿ ಮಿಷನ್ ಎಣ್ಣೆ ಬಿಟ್ರೆ ಮೆತ್ತಗಾಗುತ್ತೆ."

"ಬೆಲ್ಟಿಗೆ ಎಣ್ಣೆ ಬಿಡ್ತಾನಂತೆ. ಕೇಳಿ ಇವನ ಮಾತು."

"ನಿಮ್ಮ ಗಿರಣಿ ಹಿಟ್ಟಲ್ಲಿ ಕಲ್ಲು ಯಾಕಿರುತ್ತೆ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?"

ಜಗಳ ಹಿಟ್ಟಿನ ಕಲ್ಲಿನಿಂದ ಗಿರಣಿಯವರ ಬಿಗಿಯಾದ ಪ್ಯಾಂಟಿಗೆ, ಅಲ್ಲಿಂದ ಹಿಂದಿನ ವರ್ಷದ ಇನ್ನಾವುದೋ ವಿಷಯಕ್ಕೆ ಹೋಯಿತು. ಗಡಿಯಾರ ಒಂದು ಗಂಟೆ ದಾಟಿತು. ಜಗಳ ನಿಲ್ಲಲೆಂದೇ ಅಳಿಯ ಎಣ್ಣೆಗೆ ಒಪ್ಪಿಕೊಂಡ. ಟೈಲರ್ ನಾಲ್ಕು ಹನಿ ಎಂದವನು ಗಿರಣಿಯವರ ಮೇಲಿನ ಹಟಕ್ಕೆ ಇಡೀ ಬುಡ್ಡಿ ಖಾಲಿ ಮಾಡಿದ.

ಈಗ ಎಂಜಿನ್ ಎಷ್ಟು ಅರಚಿದರೂ ಚಕ್ರ ಒಂದು ಗೇಣು ಕದಲಲಿಲ್ಲ. ಡಬ್ಬಿಯಿಂದ ಹೊಗೆ ಬಂತು. ಹೆಂಡತಿ ಮಹಡಿಯಿಂದ ಬಗ್ಗಿ ನೋಡಿ, ಕಿಟಕಿ ಮುಚ್ಚಿಕೊಂಡಳು. ಅವಳು ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅಳಿಯನಿಗೆ. ಪಾರ್ಕಿನ ಎದುರಿನ ಮನೆಯ ಕಿಟಕಿಗೆ ಯಾವ ಪರದೆ ಹಾಕಬೇಕೆಂದು ಅವಳು ತಿಂಗಳಿಂದ ಯೋಚಿಸುತ್ತಿದ್ದುದು ಅವನಿಗೆ ಗೊತ್ತಿತ್ತು.

ಎರಡೂವರೆಗೆ ಸ್ಕೂಟರನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೋದ. ತಜ್ಞರಿಬ್ಬರೂ ಹಿಂದೆಯೇ ಬಂದರು. ಬೀದಿಯವರೆಲ್ಲ ಅಕ್ಕ ಎನ್ನುವ ಮೆಕ್ಯಾನಿಕ್ ಹೆಂಗಸು ಮುಚ್ಚಳ ಬಿಚ್ಚಿ, ಒಳಗೆ ಬೆರಳಾಡಿಸಿ, ಮೂಸಿ ನೋಡಿದಳು.

"ಇದೇನು, ಅಂಟು ಮಾಡೋಕೆ ಇಟ್ಟಿದ್ರಾ?"

ತಜ್ಞರಿಬ್ಬರೂ ಅಳಿಯನನ್ನು ನೋಡಿದರು. ಅಳಿಯ ನೆಲ ನೋಡಿದ.

"ಬೆಲ್ಟು, ಪುಲ್ಲಿ ಎರಡೂ ಒಣಗಿರ್ಬೇಕು. ಎಣ್ಣೆ, ರಾಳ ಏನೂ ತಾಗಬಾರ್ದು" ಎಂದು ಅವಳು ಪುಲ್ಲಿಗಳನ್ನು ತೊಳೆದು ಒರೆಸಿ, ಸುಟ್ಟ ಬೆಲ್ಟ್ ಕಿತ್ತು ಹೊಸದು ಹಾಕಿದಳು. "ಇದೆಲ್ಲ ಇವತ್ತಿನ ಗಾಯ. ಹಳೇ ಕಾಯಿಲೆ ಬೇರೆ ಇದೆ." ಮುಚ್ಚಳವನ್ನು ಬೆಳಕಿಗೆ ಹಿಡಿದಳು. ಮುಂದೊಂದು, ಹಿಂದೊಂದು ಸಣ್ಣ ಜಾಲರಿ. ಎರಡರ ಮೇಲೂ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕೂತಿತ್ತು. "ಗಾಳಿ ಇಲ್ಲಿಂದ ಒಳಗೆ ಬಂದು ಬೆಲ್ಟ್ ತಣ್ಣಗೆ ಮಾಡಿ ಅಲ್ಲಿಂದ ಹೋಗ್ಬೇಕು. ಎರಡೂ ಮುಚ್ಚಿದೆ. ಮೂಗು ಬಾಯಿ ಎರಡೂ ಮುಚ್ಚಿ ದಿಣ್ಣೆ ಹತ್ತು ಅಂದ್ರೆ ನೀವು ಹತ್ತುತ್ತೀರಾ? ಬೆಲ್ಟ್ ಕಾದು, ಸವೆದು, ಜಾರ್ತಿತ್ತು."

"ಕಂಪನಿಯಿಂದಲೇ ಹಾಗೆ ಬಂತು ಅಕ್ಕ."

"ಕಂಪನಿಯವರು ಹೀಗೆ ಕಳಿಸಲ್ಲ. ಯಾರೋ ತಲೆ ಇಲ್ಲದವರು ಕೂತು ಅಂಟಿಸಿದ್ದು ಇದು."

ಬೆಳಗಿನಿಂದ ಮೊದಲ ಬಾರಿಗೆ ಅಳಿಯ ನಕ್ಕ. ತನಗಿಂತ ದಡ್ಡನೊಬ್ಬ ಈ ಲೋಕದಲ್ಲಿದ್ದಾನೆ ಎಂಬುದು ಸಣ್ಣ ಸಮಾಧಾನವಲ್ಲ. ತಜ್ಞರೂ ನಕ್ಕರು. ಹಾಳೆಯನ್ನೆಲ್ಲ ಸುಲಿಸಿ ಹೊರಟರೆ ಸ್ಕೂಟರ್ ದಿಣ್ಣೆಯನ್ನು ನೀರು ಕುಡಿದಷ್ಟು ಸಲೀಸಾಗಿ ಹತ್ತಿತು.

ನಾಲ್ಕು ಗಂಟೆಗೆ ಮಾವ ಕೈಚೀಲ ಹಿಡಿದು ಬಸ್ಸಿಳಿದರು. ಗಾಡಿಯ ಪಕ್ಕಗಳನ್ನೊಮ್ಮೆ ದಿಟ್ಟಿಸಿ ನೋಡಿ, ಹಿಂದೆ ಕೂತರು. ಗಾಡಿ ಮುಲುಕದೆ ಹೊರಟಿತು. ಅಳಿಯನ ಬಾಯಿಗೂ ಹೊಸ ಬೆಲ್ಟ್ ಹಾಕಿದಂತಾಗಿತ್ತು.

"ಒಂದು ತಮಾಷೆ ಕೇಳಿ ಮಾವ. ಈ ಗಾಡಿಗೆ ಯಾರೋ ಪ್ಲಾಸ್ಟಿಕ್ ಸುತ್ತಿ ಗಾಳೀನೇ ಆಡದ ಹಾಗೆ ಮಾಡಿದ್ರು. ನಾನೇ ಕಂಡುಹಿಡಿದು ತೆಗೆಸಿದೆ."

"ಹೂಂ" ಎಂದರು ಮಾವ.

"ಎಂಥಾ ತಲೆ ಇಲ್ಲದವನಿರ್ಬೇಕು ಅಲ್ವಾ?"

"ಹೂಂ."

"ಅಂಥವರನ್ನ ಗಾಡಿ ಹತ್ರವೇ ಬಿಡಬಾರ್ದು ಮಾವ. ಅವರ ಮನೇಲಿ ಹೆಂಡತಿ ಮಕ್ಕಳು ಉಸಿರಾಡೋದಾದ್ರೂ ಹೇಗೋ."

ಈ ಸಲ ಹೂಂ ಬರಲಿಲ್ಲ. ಮೆಚ್ಚುಗೆಯಿಂದ ಮಾತು ಕಟ್ಟಿರಬೇಕೆಂದುಕೊಂಡು ಅಳಿಯ ಮನೆ ಮುಟ್ಟುವವರೆಗೂ ಆ ತಲೆ ಇಲ್ಲದವನ ಗುಣಗಾನ ಮಾಡಿದ.

ಮನೆ ಮುಂದೆ ಇಳಿದ ಮಾವ ಸ್ಕೂಟರಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಕೈಚೀಲದಿಂದ ಒಂದು ಸುರುಳಿ ತೆಗೆದು ಸೀಟಿನ ಮೇಲಿಟ್ಟರು. ತೆಳುವಾದ, ಪಾರದರ್ಶಕ ಪ್ಲಾಸ್ಟಿಕ್.

"ಅವತ್ತು ಮಿಕ್ಕಿದ್ದು. ಹರಿದಿದ್ರೆ ಸರಿ ಮಾಡೋಣ ಅಂತ ತಂದೆ. ಅಂಗಡೀಲಿ ಕೂತು ಮಧ್ಯಾಹ್ನವೆಲ್ಲ ನಾನೇ ಅಂಟಿಸಿದ್ದೆ ಅಳಿಯಂದಿರೇ."

ಅಳಿಯನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕೆಳಗಿಳಿದು ಬಂದಿದ್ದ ಹೆಂಡತಿ ಗಂಡನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಪರದೆಯ ಆಸೆ ಬಿಟ್ಟಳು.

"ಅದಲ್ಲ ಮಾವ, ಗಾಳಿ..."

"ಮೂವತ್ತು ವರ್ಷ ಸಾಮಾನು ಕಾದವನು ನಾನು. ಗಾಳಿ ತಾಗೋದ್ರಿಂದಲೇ ತುಕ್ಕು ಹಿಡಿಯೋದು. ಹೋಗಲಿ, ನಾನು ಸಿಟ್ಟು ಇಟ್ಕೊಳ್ಳೋನಲ್ಲ. ಮನೆ ವಿಷಯ ಬಸ್ ಹತ್ತೋವಾಗಲೇ ಹೇಳ್ತೀನಿ. ಈಗ ಎರಡು ಪದರ ಹಾಕೋಣ."

ಸುರುಳಿಯ ಒಂದು ತುದಿಯನ್ನು ಗಿರಣಿಯವರು ಓಡಿ ಬಂದು ಹಿಡಿದರು. ಟೈಲರ್ ದೊಡ್ಡ ಕತ್ತರಿ ತಂದು, ಅಳತೆ ತಗೊಂಡು, ಎಲ್ಲೂ ಸುಕ್ಕಾಗದಂತೆ ಕತ್ತರಿಸಿಕೊಟ್ಟ. ಅವರಿಬ್ಬರೂ ಆ ದಿನ ಒಟ್ಟಾಗಿ ಮಾಡಿದ ಕೆಲಸ ಅದೊಂದೇ.

"ನಾವೂ ಹೇಳಿದ್ವಿ ಸಾರ್. ಗಾಡಿಗೆ ಹೊದಿಕೆ ಬೇಕೇ ಬೇಕು ಅಂತ" ಎಂದರು ಗಿರಣಿಯವರು.

"ಇವರು ಕೇಳಬೇಕಲ್ಲ" ಎಂದ ಟೈಲರ್.

ಆಮೇಲೆ ಮಾವ ಹಳೆಯ ಸಹೋದ್ಯೋಗಿಗಳ ಮೂರು ಮನೆಗೆ ಸ್ಕೂಟರಿನಲ್ಲೇ ಹೋಗಿ ಬಂದರು. ಅಲ್ಲಿಂದ ನೇರವಾಗಿ ಏಳು ಗಂಟೆಯ ಬಸ್ಸಿಗೆ. ದಿಣ್ಣೆಯ ಬುಡದಲ್ಲಿ ಅಳಿಯ ಉಸಿರು ಬಿಗಿ ಹಿಡಿದ. ಸ್ಕೂಟರಂತೂ ಆಗಲೇ ಹಿಡಿದಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಎಂಜಿನ್ ಅರಚಿತು, ಚಕ್ರ ಯೋಚನೆಗೆ ಕೂತಿತು, ಸುಟ್ಟ ರಬ್ಬರಿನ ವಾಸನೆ ಬಂತು. ಗಾಡಿ ನಿಂತಿತು.

ಮಾವ ಇಳಿದು ಡಬ್ಬಿಯ ಮೇಲೆ ಬೆರಳಿಟ್ಟು, ಚುರ್ರೆಂದಾಗ ಹಿಂದಕ್ಕೆ ಎಳೆದುಕೊಂಡರು. ಪ್ಲಾಸ್ಟಿಕ್ ಎಲ್ಲೂ ಬಿಟ್ಟಿರಲಿಲ್ಲ. ಅದನ್ನು ಪ್ರೀತಿಯಿಂದ ಸವರಿದರು.

"ಹೊದಿಕೆ ಹೇಗಿತ್ತೋ ಹಾಗೇ ಇದೆ. ಗಾಡೀನೇ ಹಾಳು ಮಾಡಿಬಿಟ್ರಿ. ನಾನು ಅವತ್ತೇ ಹೇಳಿರಲಿಲ್ವಾ ಅಳಿಯಂದಿರೇ?"

ಜೇಬಿಗೆ ಕೈ ಹಾಕಿ ಪಾರ್ಕಿನ ಮನೆಯ ಬೀಗದ ಕೈ ತೆಗೆದರು. ಮೂರು ಪದರ ಪ್ಲಾಸ್ಟಿಕ್ಕಿನೊಳಗೆ ಅದು ಫಳಫಳ ಹೊಳೆಯುತ್ತಿತ್ತು. ಎಲ್ಲಾದರೂ ಹರಿದಿದೆಯೇ ಎಂದು ತಿರುಗಿಸಿ ನೋಡಿ, ಮತ್ತೆ ಜೇಬಿಗಿಟ್ಟುಕೊಂಡು, ದಿಣ್ಣೆಯನ್ನು ನಡೆದೇ ಹತ್ತಿದರು.