ಅತ್ತೆಯವರ ಬೆರಳು, ಅಸಿಡಿಯನ್ನಿನ ಬಾಲ

ಆ ದಿನ ಬೆಳಿಗ್ಗೆ ಎಂದಿನಂತೆ ಅಂಗಳಕ್ಕೆ ನೀರು ಹಾಕಿ, ಅತ್ತೆಯವರ ಪೂಜೆಗೆ ವಿಭೂತಿ, ಪತ್ರೆ ಇಟ್ಟು, ರೊಟ್ಟಿಯ ಹಿಟ್ಟಿಗೆ ಕೈ ಹಾಕಿದ್ದೆನಷ್ಟೆ, ನಾದಿನಿ ಗಿರಿಜೆ ಹಾಸಿಗೆಯಿಂದಲೇ ಕೂಗಿದಳು. ಕಾನ್ವೆಂಟಿನಲ್ಲಿ ಓದಿದ ಸೊಸೆಯ ವಿದ್ಯೆ ಆದೋನಿಯಲ್ಲಿ ಯಾವುದಕ್ಕೆ ಉಪಯೋಗವೆಂದು ಬಹಳ ದಿನ ಯೋಚಿಸಿದ್ದೇನೆ. ಬಂದ ತಂತಿ ಓದುವುದಕ್ಕೆ, ಬಿಟ್ಟರೆ ಬೇರೆಯವರಿಗೆ ಚಿತ್ರ ಬರೆದುಕೊಡುವುದಕ್ಕೆ. ಅಂದು ತಂತಿ ಬಂದಿರಲಿಲ್ಲ.

ಮದರಾಸಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ಗಿರಿಜೆ ಚಳಿಜ್ವರ ಹೊತ್ತು ಊರಿಗೆ ಬಂದಿದ್ದಳು. ಅವಳ ಚಿತ್ರದ ಪುಸ್ತಕ ಸಂಜೆಯ ಮೇಲ್ ರೈಲಿಗೆ ಹೋಗಲೇಬೇಕು. ಹೋಗದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ. ಪರೀಕ್ಷೆ ತಪ್ಪಿದರೆ ಆಸ್ಪರಿಯ ಹತ್ತಿ ವ್ಯಾಪಾರಿಯ ಮಗನಿಗೆ ಮಾತು ಕೊಡುವುದೆಂದು ಅತ್ತೆ ಹೇಳಿಯಾಗಿತ್ತು. ನೀವೇ ಬರೆದುಕೊಡಿ ಎಂದು ಹುಡುಗಿ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದಳು, ಜ್ವರಕ್ಕೆ ಸೋತೋ ಆಸ್ಪರಿಗೆ ಹೆದರಿಯೋ ತಿಳಿಯದು.

ಬರೆಯಬೇಕಾದದ್ದು ಅಸಿಡಿಯನ್ ಎಂಬ ಕಡಲ ಪ್ರಾಣಿಯ ಭ್ರೂಣ. ಬೆಳೆದ ಮೇಲೆ ಅದು ಬಂಡೆಗೆ ಅಂಟಿದ ತೊಗಲ ಚೀಲ. ಮುಟ್ಟಿದರೆ ಪಿಚಕಾರಿಯಂತೆ ನೀರು ಹಾರಿಸುತ್ತದಂತೆ. ಕುಡಿಯುವ ನೀರಿಗೇ ಪರದಾಡುವ ನಮ್ಮ ಸೀಮೆಗೆ ಕಡಲಿನ ಉಸಾಬರಿ ಯಾಕೆ ಬೇಕಿತ್ತೋ. ಮೊಟ್ಟೆ ಎರಡಾಗಿ, ನಾಲ್ಕಾಗಿ ಒಡೆಯುತ್ತ ಹೋದಂತೆ ಯಾವ ತುಣುಕು ಮುಂದೆ ಯಾವ ಅಂಗವಾಗುತ್ತದೆಂದು ಬಣ್ಣದಿಂದ ತೋರಿಸಬೇಕು. ಹಳದಿ ಬಾಲದ ಸ್ನಾಯು, ಕೆಂಪು ಬೆನ್ನಿನ ದಂಡ. ನನ್ನ ಪೆಟ್ಟಿಗೆಯಲ್ಲಿ ಹಳದಿ ಮುಗಿದಿತ್ತು. ಯುದ್ಧದ ಕಾಲ, ಅಂಗಡಿಯಲ್ಲೂ ಇಲ್ಲ. ಜಾಣತನ ಉಕ್ಕಿ ಅರಿಶಿನ ಕಲಸಿದೆ. ಮೊಟ್ಟೆಯಿಂದ ಬಾಲದವರೆಗೆ ನಾನೇ ಮೆಚ್ಚುವಷ್ಟು ಚೆನ್ನಾಗಿ ಬಂತು. ಒಣಗಲಿಟ್ಟು ಒಲೆಯ ಮುಂದೆ ಹೋದೆ.

ಊಟವಾಗಿ ಎಲೆಗೆ ಸುಣ್ಣ ಹಚ್ಚುತ್ತ ಕುಳಿತ ಅತ್ತೆಗೆ ಅಂದೇ ಮಗಳ ಓದಿನ ಮೇಲೆ ಪ್ರೀತಿ ಬರಬೇಕೇ! ಯಾವುದು ಏನಾಗುತ್ತದೆಂದು ಕೇಳಿ, ಹಳದಿಯ ಜಾಡು ಹಿಡಿದು ಮೊಟ್ಟೆಯಿಂದ ಬಾಲದ ತುದಿಯ ತನಕ ಬೆರಳಾಡಿಸಿದ್ದಾರೆ. ನಾನು ಬರುವಷ್ಟರಲ್ಲಿ ಬೆರಳು ಹೋದಲ್ಲೆಲ್ಲ ಕೆಂಪು.

"ವೈನಿ, ಸ್ನಾಯು ಎಲ್ಲಾ ಬೆನ್ನಾಗ್ಯಾವ ನೋಡ್ರಿ" ಎಂದು ಗಿರಿಜೆ ಅಳತೊಡಗಿದಳು.

ಅತ್ತೆ ನನ್ನನ್ನೇ ನೋಡಿದರು. "ಅರಿಶಿಣಕ್ಕ ಸುಣ್ಣ ತಾಕಿದ್ರ ಕೆಂಪಾಗತೈತಿ ಅಂತ ಕಾನ್ವೆಂಟಿನ್ಯಾಗ ಹೇಳಲಿಲ್ಲೇನವ್ವ ನಿಮಗ?"

ಹೇಳಿರಲಿಲ್ಲ. ನಮ್ಮವರು ಇಣುಕಿ, ಕೆಂಪೇ ಚಂದ ಕಾಣುತ್ತದೆ, ಹಾಗೇ ಕಳಿಸಿ ಎಂದು ತಮ್ಮ ಅಭಿಪ್ರಾಯ ಕೊಟ್ಟರು. ನನಗೆ ಕುಂಚವನ್ನೇ ಒಲೆಗೆ ಹಾಕುವಷ್ಟು ಸಿಟ್ಟು ಬಂತು. ಅತ್ತೆ ಮಾತ್ರ ಎದ್ದು ನಿಂಬೆಹಣ್ಣು ಹೆಚ್ಚಿ, ಅರಳೆಯನ್ನು ರಸದಲ್ಲಿ ಅದ್ದಿ ಅದ್ದಿ ಒತ್ತಿ ಕೆಂಪನ್ನೆಲ್ಲ ಮತ್ತೆ ಹಳದಿ ಮಾಡಿದರು. ಮಗಳು ಓದಲಾರದೆ ಫೇಲಾದರೆ ಆಗಲಿ, ತನ್ನ ಬೆರಳಿಂದ ಫೇಲಾದಳೆಂಬ ಮಾತು ಬೇಡವಂತೆ. ಪುಸ್ತಕ ಉಪ್ಪಿನಕಾಯಿಯ ವಾಸನೆ ಹೊತ್ತೇ ರೈಲು ಹತ್ತಿತು.

ಸಂಜೆ ಪಕ್ಕದ ಮನೆಯ ನಾಗಮ್ಮ ಹೆಪ್ಪು ಕೇಳಲು ಬಂದವರು ನಾನು ಮೊದಲು ಕೈ ಪಳಗಿಸಲು ಬರೆದು ಬಿಸುಟಿದ್ದ ಒಂದು ಹಾಳೆ ಎತ್ತಿ, ಇದೇನೆಂದರು. ಇಡೀ ದಿನ ಕಲಿತದ್ದನ್ನು ಯಾರಿಗಾದರೂ ಹೇಳದೆ ನನಗೂ ತಡೆಯುವಂತಿರಲಿಲ್ಲ. ಮರಿಯಾಗಿದ್ದಾಗ ಇದಕ್ಕೆ ಬಾಲ, ಕಣ್ಣು, ಮಿದುಳು ಎಲ್ಲ ಇರುತ್ತವೆ, ಬೇಕಾದಲ್ಲಿ ಈಜುತ್ತದೆ. ಆಮೇಲೆ ಒಂದು ಬಂಡೆಗೆ ತಲೆ ಅಂಟಿಸಿಕೊಂಡರೆ ಮುಗಿಯಿತು. ಬಾಲ, ಕಣ್ಣು, ಮಿದುಳು ಕರಗಿ, ಇದ್ದಲ್ಲೇ ಇದ್ದು ನೀರು ಒಳಗೆ ತಗೊಳ್ಳುವುದು, ಹೊರಗೆ ಬಿಡುವುದು, ಇಷ್ಟೇ ಕೆಲಸ. ಏನು ವಿಚಿತ್ರ ನೋಡಿ ಎಂದೆ.

ನಾಗಮ್ಮ ಹೆಪ್ಪಿನ ಬಟ್ಟಲನ್ನು ಸೆರಗಿನಿಂದ ಮುಚ್ಚಿಕೊಂಡು ಹೊಸ್ತಿಲು ದಾಟುತ್ತ ಅಂದರು: "ವಿಚಿತ್ರ ಏನೈತ್ರಿ ಅದರಾಗ, ಲಗ್ನ ಆಗೈತಿ ಅದಕ್ಕ."